ಶಿವಕಾಂತಮ್ಮನ ಖಾಲಿ ಫೋಲ್ಡರ್

14 ಮಾರ್ಚ್ 2005, ಸೋಮವಾರ

ಸನ್ನತಿಯ ಶಾಲೆಯ ಕಂಪ್ಯೂಟರಿನಲ್ಲಿ ಶಿವಕಾಂತಮ್ಮನ ಫೋಲ್ಡರ್ ಖಾಲಿ ಇತ್ತು. ತಾವು ಹಾಡಿ ನಾನು ರೆಕಾರ್ಡ್ ಮಾಡಿಕೊಂಡಿದ್ದ ಬೀಸುವ ಪದ ಕೇಳಿಸಲು ಅವರು ಓಣಿಯ ಹೆಂಗಸರನ್ನು ಕರೆತಂದಿದ್ದರು.

"ಹಾಡೀನಿ ಹಾಡೀನಿ ಅಂತಿದ್ದಿ, ಎಲ್ಲದ ಬೇ?" ಎಂದಳು ಒಬ್ಬಳು.

"ಈ ಹುಡುಗೀನೇ ತುಂಬಿಕೊಂಡು ಹೋಗ್ಯಾಳ. ಕೇಳ್ರಿ ಆಕಿಗಿ" ಎಂದರು ಶಿವಕಾಂತಮ್ಮ.

ನಾನು ಫೋಲ್ಡರ್ ಮುಚ್ಚಿ ಮತ್ತೆ ತೆರೆದೆ. ಹೆಂಗಸರು ನಕ್ಕು ಎದ್ದು ಹೋದರು.

ಹಾಡು ಸಂಗ್ರಹಿಸುವ ನಮ್ಮ ಚಿತ್ತಾಪುರದ ಕಚೇರಿಯ ಲಿನಕ್ಸ್ ಕಂಪ್ಯೂಟರಿನಲ್ಲಿ ಹಾಡುಗಳೆಲ್ಲ ಒಂದೇ ಕಡೆ ಇವೆ. ಹಾಡಿದವರ ಹೆಸರಿನ ಫೋಲ್ಡರುಗಳಲ್ಲಿ ಇರುವುದು ಅಲ್ಲಿಗೆ ದಾರಿ ತೋರಿಸುವ ಲಿಂಕು ಮಾತ್ರ. ಸನ್ನತಿಗೆ ಒಯ್ಯಲು ಹಾಡು ನಕಲು ಮಾಡುವ ನನ್ನ ಸ್ಕ್ರಿಪ್ಟು ಆ ಫೋಲ್ಡರುಗಳನ್ನಷ್ಟೇ ಪೆನ್‌ಡ್ರೈವಿಗೆ ಹಾಕಿತ್ತು. ಪೆನ್‌ಡ್ರೈವಿನಲ್ಲಿ ಲಿಂಕು ಉಳಿಯುವುದಿಲ್ಲ. ನಾನು ಮೊದಲೇ ನೋಡಿಕೊಳ್ಳಲಿಲ್ಲ.

ಸಂಜೆ ತಿದ್ದಿದೆ. ಈಗ ಸ್ಕ್ರಿಪ್ಟು ಮೊದಲು ಒಂದು ಲಿಂಕು ಮಾಡಿ ನೋಡುತ್ತದೆ. ಆಗದಿದ್ದರೆ ಹಾಡನ್ನೇ ನಕಲು ಮಾಡುತ್ತದೆ. ತಿದ್ದಿದ್ದು ಐದೇ ಸಾಲು. ಆಮೇಲೆ ಶಿವಕಾಂತಮ್ಮನ ಪದ ಕೇಳಿದೆ. ನಡುವೆ ನಿಲ್ಲಿಸಿ, ಬೀಸುಕಲ್ಲಿಗೆ ಹಿಡಿ ಜೋಳ ಹಾಕಿ, ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಾರೆ.

ಗುರುವಾರ ಮತ್ತೆ ಹೋಗಬೇಕು. ಹಾಡು ಕೇಳಿಸುವುದು ಕಷ್ಟವಲ್ಲ. ಅದಕ್ಕೂ ಮೊದಲು, ಇವರು ಹಾಡಿದ್ದು ನಿಜ, ತಪ್ಪು ನನ್ನದು ಎಂದು ಅದೇ ಹೆಂಗಸರ ಮುಂದೆ ಬಾಯಿಬಿಟ್ಟು ಹೇಳಬೇಕು. ಆ ಹೆಂಗಸರನ್ನು ಶಿವಕಾಂತಮ್ಮ ಇನ್ನೊಮ್ಮೆ ಕರೆಯುತ್ತಾರೋ ಇಲ್ಲವೋ.