ಹೊರಡುವಾಗ ಬಿಟ್ಟ ಸಾಲು

ಭಾನುವಾರ, ಬೆಳಗ್ಗೆ ಹತ್ತೂಕಾಲು
(ತಂಗಿಯ ಮನೆಯ ಗೋಡೆ ಗಡಿಯಾರದ ಪ್ರಕಾರ. ಇದನ್ನು ನೀವು ರಿಪೇರಿ ಮಾಡಿಲ್ಲ, ಆದ್ದರಿಂದ ನಂಬಬಹುದು.)

ಊರಿನ ಗಡಿಯಾರಗಳಿಗೆಲ್ಲ ಡಾಕ್ಟರಾದ ನನ್ನ ಯಜಮಾನರಿಗೆ,

ಹನ್ನೊಂದು ತಿಂಗಳಾದ ಮೇಲೆ ಕಾಗದ ಬರೆಯುತ್ತಿದ್ದೇನೆ. ನಮ್ಮ ಹರಟೆಕೋಣೆಯಲ್ಲೇ ಬರೆಯಬಹುದಿತ್ತಲ್ಲ ಎನ್ನುತ್ತೀರಿ. ಬರೆದೆ. ಬರೆದು ಕೆಟ್ಟೆ. ನಾಳೆ ನೀವು ಅಂಗಡಿಯ ಶಟರ್ ಎತ್ತಿ ಕಂಪ್ಯೂಟರ್ ಹಚ್ಚಿದ ಕೂಡಲೇ ಅರವತ್ತು ಜನ ಅದನ್ನು ನಿಮಗೆ ಓದಿ ಹೇಳಲಿದ್ದಾರೆ. ಅದಕ್ಕೆ ಮುಂಚೆ ನನ್ನ ಬಾಯಿಂದಲೇ ಕೇಳಿಬಿಡಿ. ತಂಗಿ ಇದನ್ನು ಇವತ್ತೇ ನಿಮ್ಮ ಶಟರಿನ ಕೆಳಗೆ ತೂರಿಸುತ್ತಾಳೆ.

ಕೋಣೆಯೆಂದರೆ ಆ ಐಆರ್‌ಸಿ ಕೋಣೆ, ಓಬೀರಾಯನ ಕಾಲದ್ದು. ಚಿತ್ರವಿಲ್ಲ, ಹಾಡಿಲ್ಲ, ಗಡಿಯಾರ ಮತ್ತು ಕನ್ನಡಕ ಬಿಚ್ಚಿ ಕೂಡಿಸುವವರ ಬರೀ ಅಕ್ಷರದ ಹರಟೆ. ಅಲ್ಲಿ ನೀವು ಪೆಂಡುಲಂ, ನಾನು ಭೂತಗನ್ನಡಿ. ಗಿರಾಕಿಗಳೊಂದಿಗೆ ಮಾತಿನಮಲ್ಲರಾದ ನೀವು ಮೆಟ್ಟಿಲು ಹತ್ತಿ ಮನೆಗೆ ಬಂದರೆ ನಿಂತ ಗಡಿಯಾರ. ಅದಕ್ಕೇ ನಾನು ಮನೆ ಬಿಟ್ಟೆ. ಕೋಣೆ ಮಾತ್ರ ಬಿಡಲಿಲ್ಲ, ನೀವೂ ಬಿಡಲಿಲ್ಲ. ಒಬ್ಬರನ್ನೊಬ್ಬರು ಮಾತಾಡಿಸಲೂ ಇಲ್ಲ.

ಆದರೆ ಕೋಣೆಯಿಂದ ಹೊರಡುವವರು ಬಾಗಿಲಲ್ಲಿ ಒಂದು ಸಾಲು ಬಿಟ್ಟು ಹೋಗಬಹುದಲ್ಲ? ನಾನು ಊಟದ ಹೊತ್ತಿಗೆ ಹೊರಡುತ್ತ, ಯಾರಿಗೂ ಅಲ್ಲವೆಂಬಂತೆ, ನಿಮ್ಮ ಉಣ್ಣೆಯ ಟೋಪಿ ಮೇಲಿನ ಕಪಾಟಿನಲ್ಲಿದೆ ಎಂದು ಬಿಟ್ಟೆ. ಸಂಜೆ ಪೆಂಡುಲಂ ಹೊರಡುವಾಗ, ಟೋಪಿ ಸಿಕ್ಕಿತು, ಒಂದು ತೂತಿದೆ ಎಂದಿತು. ಹನ್ನೊಂದು ತಿಂಗಳ ನಮ್ಮ ಸಂಸಾರ ನಡೆದದ್ದು ಹೊಸ್ತಿಲ ಮೇಲೆಯೇ. ಒಂದೇ ಸೂರಿನಡಿ ಇದ್ದಾಗ ನೀವು ಅಷ್ಟು ಮಾತಾಡಿರಲಿಲ್ಲ. ತಂಗಿಗೆ ನಗು. “ಅಕ್ಕಾ, ನೀನು ಭಾವನ್ನ ಬಿಟ್ಟು ಬಂದಿದ್ದೀಯೋ, ಇಲ್ಲಾ ಬಾಗಿಲ ಹಿಂದೆ ನಿಂತು ಕಣ್ಣಾಮುಚ್ಚಾಲೆ ಆಡ್ತಿದ್ದೀಯೋ?” ಎನ್ನುತ್ತಾಳೆ.

ಮಂಗಳವಾರ ಸಂಜೆ ನೀವು ಹೊರಟಾಗ ನಿಮ್ಮ ಸಾಲಿನ ಜಾಗದಲ್ಲಿ ‘ಆವೃತ್ತಿ 4.2’ ಎಂದಿತ್ತು. ಹೊರಡುವವರು ಏನೂ ಬರೆಯದಿದ್ದರೆ ಪ್ರೋಗ್ರಾಂ ಆ ಜಾಗದಲ್ಲಿ ತನ್ನ ಗುರುತು ತಾನೇ ಬರೆದುಕೊಳ್ಳುತ್ತದಲ್ಲ. ನಾನು ಹಾಕಿಕೊಟ್ಟ, ಗಿಳಿಯ ಚಿತ್ರದ ಆ ಹಳೆಯ ಪ್ರೋಗ್ರಾಂ ಬಿಟ್ಟಿರಿ, ಹೊಸದು ಹಾಕಿದಿರಿ ಎಂದು ತಿಳಿಯಿತು. ಹಾಕಲಿ ಬಿಡಿ, ಗಂಡಸಿಗೂ ಆಗಾಗ ಹೊಸ ಆವೃತ್ತಿ ಬರಬೇಕು ಎಂದುಕೊಂಡೆ. ಬುಧವಾರ ಎಂದಿನಂತೆ ನಾನೊಂದು ಸಾಲು ಬಿಟ್ಟೆ. ಉತ್ತರ: ಆವೃತ್ತಿ 4.2. ಗುರುವಾರ, ಶುಕ್ರವಾರ, ಅದೇ ರಾಗ ಅದೇ ಹಾಡು.

ಶನಿವಾರ ಮಧ್ಯಾಹ್ನ ಕನ್ನಡಕದ ಲೆನ್ಸ್ ತಲುಪಿಸಲು ನಿಮ್ಮ ಬೀದಿಗೆ ಬಂದಿದ್ದೆ. ಕೈಯಲ್ಲಿ ಸೂಟ್‌ಕೇಸಿತ್ತು. ಲೆನ್ಸ್ ಭಾರ ನೋಡಿ. ಎದುರುಗಡೆಯ ಚಪ್ಪಲಿ ಅಂಗಡಿಯ ನೆರಳಲ್ಲಿ ನಿಂತು ನೋಡಿದರೆ, ನೀವು ಒಂದು ಕಣ್ಣಿಗೆ ಗಡಿಯಾರ ನೋಡುವ ಮಸೂರ ಸಿಕ್ಕಿಸಿಕೊಂಡೇ ಕಂಪ್ಯೂಟರಿನ ಮುಂದೆ ನಗುತ್ತಿದ್ದೀರಿ! ಆ ನಗು ನಾನು ಮದುವೆಯಾದ ವರ್ಷ ಎರಡು ಸಲ ಕಂಡದ್ದು. ತಿರುಗಿ ಬಂದೆ.

ರಾತ್ರಿ, ನೀವು ಹೊರಟುಹೋದ ಮೇಲೆ, ಕೋಣೆಯ ಹಳೆಯ ಮಾತುಗಳನ್ನು ಕೂಡಿಡುವ ಪುಟ ತೆಗೆದೆ. ಮಂಗಳವಾರ ಮಧ್ಯಾಹ್ನ, ನಾನು ಕೆಲಸದಲ್ಲಿ ಲೆನ್ಸ್ ಉಜ್ಜುತ್ತಿದ್ದ ಹೊತ್ತಿಗೆ, ನೀವು ಕೇಳಿದ್ದಿರಿ: ಹಳೆಯ ಕಂಪ್ಯೂಟರ್ ಸತ್ತಿದೆ, ಗಿಳಿ ಹೊಸದರಲ್ಲಿ ಕೂರುತ್ತಿಲ್ಲ, ಯಾವ ಪ್ರೋಗ್ರಾಂ ಹಾಕಲಿ? ಹೆಸರಿಗೆ ತಕ್ಕಂತೆ ಒಂದು ಗಂಟೆ ಆ ಕಡೆ ಈ ಕಡೆ ತೂಗಾಡಿದಿರಿ. ಗುಂಡಿಗಳಿರುವ ಬಣ್ಣದ್ದೋ, ಎಲ್ಲ ಟೈಪೇ ಮಾಡಬೇಕಾದ ಕಪ್ಪು ಕಿಟಕಿಯೋ? ಆಗ ಬಂದಳಲ್ಲ ಮಹಾತಾಯಿ, ಸೆಕೆಂಡ್‌ಮುಳ್ಳು! ಮೊದಲನೆಯ ಮುಳ್ಳು ನಾನಿನ್ನೂ ಚುಚ್ಚುತ್ತಿರುವಾಗಲೇ ಸೆಕೆಂಡ್ ಮುಳ್ಳೊಂದು ಬೇಕಾಯಿತೆ? “ಕಪ್ಪು ಕಿಟಕೀನೇ ಹಾಕಿ, ನಾನು ಹೇಳಿಕೊಡ್ತೀನಿ” ಎಂದಳು. ಎರಡು ಗಂಟೆ ಹೇಳಿಕೊಟ್ಟಳು. ನೀವು ಕಲಿತಿರಿ! ವಾಷಿಂಗ್ ಮೆಷಿನ್ನಿನ ಒಂದು ಗುಂಡಿ ನಾನು ಹೇಳಿಕೊಟ್ಟರೆ ಕೊಟ್ಟಿಗೆಯ ಎಮ್ಮೆಯಂತೆ ನೋಡುತ್ತಿದ್ದವರು ನೀವು.

ಅಷ್ಟಾದರೂ ನುಂಗಿಕೊಳ್ಳುತ್ತಿದ್ದೆ. ಕೊನೆಗೆ ಅವಳು, ಯಾರು ಬಂದರು ಯಾರು ಹೋದರು ಅನ್ನೋ ಸಾಲುಗಳನ್ನೆಲ್ಲ ಅಡಗಿಸಿಬಿಡಿ, ಬರೀ ಕಸ ಅದು ಎಂದಳು. ನೀವು ಅಡಗಿಸಿದಿರಿ, ಅದರ ಜೊತೆಗೆ ನಾನು ಬಾಗಿಲಲ್ಲಿ ಬಿಡುವ ಸಾಲೂ ಅಡಗಿತು. ಅಡಗಿಸಿ, “ಅಬ್ಬಾ, ಎಷ್ಟು ನಿರಾಳ!” ಎಂದಿರಿ.

ಟೋಪಿಯ ಸಾಲು, ಕೆಮ್ಮಿನ ಔಷಧಿಯ ಸಾಲು, ನಲ್ಲಿಯ ವಾಷರಿನ ಸಾಲು, ಹನ್ನೊಂದು ತಿಂಗಳು ಎಲ್ಲವೂ ಕಸ! ಮೈಯೆಲ್ಲ ಉರಿದುಹೋಯಿತು. ಆ ಮುಳ್ಳಿಗೆ ಗುಟ್ಟಾಗಿ ನಾಲ್ಕು ಮಾತು ಹೇಳೋಣವೆಂದು ಖಾಸಗಿ ಸಂದೇಶಕ್ಕೆ ಸಾಲಿನ ಮೊದಲಲ್ಲಿ ಹಾಕುವ ಓರೆಗೆರೆ ಒತ್ತಿದೆ. ಸಿಟ್ಟಿನ ಬೆರಳು, ಗೆರೆಗೆ ಮುಂಚೆ ಒಂದು ಖಾಲಿ ಜಾಗ ಬಿತ್ತು. ಗೆರೆಗೆ ಮುಂಚೆ ಜಾಗವಿದ್ದರೆ ಅದು ಗುಟ್ಟಲ್ಲ, ಡಂಗುರ ಎಂದು ಹೊಸಬರಿಗೆ ಪಾಠ ಹೇಳುವವಳು ನಾನೇ. “ನನ್ನ ಗಂಡನಿಗೆ ಬಾಗಿಲು ಮುಚ್ಚೋದನ್ನ ಕಲಿಸೋಕೆ ನೀನ್ಯಾರೇ?” ಎಂಬುದು ಇಡೀ ಕೋಣೆಯ ಮುಂದೆ ಬಂದು ನಿಂತಿತು.

ಆಮೇಲೆ ಯಾರೋ, “ಇಲ್ಲಿ ನಿಮ್ಮ ಗಂಡ ಯಾರಮ್ಮಾ?” ಎಂದು ಕೇಳಿದರು. ಹನ್ನೆರಡು ವರ್ಷ ಒಂದೇ ಕೋಣೆಯಲ್ಲಿದ್ದರೂ ನಾವು ಯಾರಿಗೂ ಹೇಳಿಯೇ ಇರಲಿಲ್ಲ! ಬೆರಳು ಕೀಲಿಗಳ ಮೇಲೆ ಇತ್ತು. ಪೆಂಡುಲಂ ಎಂದು ಹೊಡೆಯಲು ನನಗಿನ್ನೂ ಹಕ್ಕಿದೆಯೋ ಇಲ್ಲವೋ ತಿಳಿಯಲಿಲ್ಲ. ಕೊನೆಗೆ ಹೊಡೆದೆ.

ಸೆಕೆಂಡ್‌ಮುಳ್ಳು ಆಮೇಲೆ ನನಗೆ ಖಾಸಗಿಯಾಗಿ ಬರೆದಳು. ಕ್ಷಮಿಸಿ, ಗೊತ್ತಿರಲಿಲ್ಲ ಎಂದಳು. ಎಲ್ಲರ ಬಂದುಹೋಗುವ ಸಾಲುಗಳನ್ನು ಅಡಗಿಸಿಯೂ ಒಬ್ಬರದು ಮಾತ್ರ ಉಳಿಸಿಕೊಳ್ಳಬಹುದಂತೆ. ಸೆಟ್ಟಿಂಗಿನಲ್ಲಿ ‘ವಿನಾಯಿತಿ’ ಎಂಬ ಜಾಗದಲ್ಲಿ ಒಂದು ಹೆಸರು ಬರೆದರೆ ಸಾಕಂತೆ. ಎಷ್ಟು ಒಳ್ಳೆಯವಳು ನೋಡಿ! ಅದನ್ನೂ ಸಹಿಸಲಾಗುತ್ತಿಲ್ಲ. ಕೆಟ್ಟವಳಾಗಿದ್ದರೆ ಎಷ್ಟು ಸುಖವಾಗಿರುತ್ತಿತ್ತು.

ಕಪ್ಪು ಕಿಟಕಿಯೇ ಇರಲಿ. ಗಿಳಿಯನ್ನು ಮರಳಿ ತನ್ನಿ ಎನ್ನುವುದಿಲ್ಲ. ಆ ವಿನಾಯಿತಿಯ ಜಾಗದಲ್ಲಿ ಯಾರ ಹೆಸರು ಬರೆಯುತ್ತೀರೆಂದೂ ಕೇಳುವುದಿಲ್ಲ. ಜಾಗ ಒಂದೇ ಇದೆ ಎಂದು ಮಾತ್ರ ನೆನಪಿಸುತ್ತೇನೆ.

ನಿಮ್ಮ ಪಟ್ಟಿಯಲ್ಲಿ ಇನ್ನೂ ಇರಬಹುದಾದ,
ಭೂತಗನ್ನಡಿ

ತಾ.ಕ.: ಸೂಟ್‌ಕೇಸಿನಲ್ಲಿ ಲೆನ್ಸ್ ಇರಲಿಲ್ಲ. ಅಡಗಿಸಿದ ಸಾಲುಗಳು ಅಳಿಸಿಹೋಗುವುದಿಲ್ಲವಂತೆ, ತೆರೆ ಸರಿಸಿ ಮೇಲಕ್ಕೆ ಹೋದರೆ ಸಿಗುತ್ತವೆ. ಹುಡುಕುವ ತ್ರಾಣವಿಲ್ಲದಿದ್ದರೆ ಇಲ್ಲೇ ಬರೆದುಬಿಡುತ್ತೇನೆ, ಬುಧವಾರ ನಾನು ಬಿಟ್ಟದ್ದು: “ಶನಿವಾರ ವಾಪಸ್ ಬರ್ತೀನಿ. ಬೇಡ ಅಂದ್ರೆ ಹೊರಡುವಾಗ ಹೇಳಿ.” ನೀವು ಬೇಡ ಅನ್ನಲಿಲ್ಲ. ಅದಕ್ಕೇ ಬಂದಿದ್ದೆ.