ಸೋಮವಾರದ ಗೋಡೆ

ಈರಣ್ಣ ಕಾಕಾ,

"ಕಟ್ಟಾವರು ಬ್ಯಾರೆ, ಇರಾವರು ಬ್ಯಾರೆ…" ಎಂದು ಸಂಜೆ ಸಿಮೆಂಟು ಮೆತ್ತಿದ ಕರಣೆ ತೊಳೆಯುತ್ತ ನೀವೊಂದು ಮಾತು ಹೇಳುತ್ತಿದ್ದಿರಿ. ಮುಂದಿನ ಅರ್ಧ ಏನಿತ್ತು? ಎಷ್ಟು ಕೆದಕಿದರೂ ನೆನಪಾಗುತ್ತಿಲ್ಲ. ಅಥವಾ ಅಷ್ಟಕ್ಕೇ ನಿಲ್ಲಿಸಿ ಬೀಡಿ ಹಚ್ಚುತ್ತಿದ್ದಿರೋ? ಎಂ.ಎ. ಓದಿದವಳು, ಕವಿತೆಯ ಹುಚ್ಚಿನವಳು ನಾನು. ಆ ಅರ್ಧ ಸಾಲನ್ನೇ ದೇಹ, ಆತ್ಮ ಎಂದು ಬಿಡಿಸಿ ಹತ್ತನೇ ತರಗತಿಯ ಮಕ್ಕಳಿಗೆ ಪಾಠ ಮಾಡಿದ್ದೆ. ಈಗ ಅನ್ನಿಸುತ್ತದೆ, ಅದರಲ್ಲಿ ಆತ್ಮವೂ ಇರಲಿಲ್ಲ, ಪರಮಾತ್ಮನೂ ಇರಲಿಲ್ಲ. ನಮ್ಮನ್ನು ನೋಡಿ ನೋಡಿ ನಿಮಗೆ ಬಂದಿದ್ದ ಹೇಸಿಕೆ ಇತ್ತು, ಅಷ್ಟೆ.

ಮರಿಯಮ್ಮನಹಳ್ಳಿ ರಸ್ತೆಯ ಆ ಬಯಲಿಗೆ ನಾವು ಮೊದಲ ಭಾನುವಾರ ಬಂದಿಳಿದ ಚಂದ ನೆನಪಿದೆಯೇ? ಸ್ವಂತ ಸೂರಿಲ್ಲದ ಆರು ಕುಟುಂಬಗಳಿಗೆ ನಮ್ಮ ಕೈಯಾರೆ ಮನೆ ಕಟ್ಟಿಕೊಡುತ್ತೇವೆಂದು ಹೊಸಪೇಟೆಯಿಂದ ಹೊರಟ ಬಳಗ. ಬ್ಯಾಂಕಿನವರು, ಡಾಕ್ಟರು, ನನ್ನಂಥ ಟೀಚರುಗಳು. ಎಲ್ಲರಿಗೂ ಒಂದೇ ಬಣ್ಣದ ಟೀಶರ್ಟು, ಹೊಸ ಕೈಗವಸು. ಮುಂದೆ ನಮ್ಮ ಅಧ್ಯಕ್ಷರು, ನಿವೃತ್ತ ಅಧಿಕಾರಿ. ಹಂಪಿ ನೋಡಲು ಬಂದು ಕಡ್ಡಿರಾಂಪುರದ ಹೋಂಸ್ಟೇಗಳಲ್ಲಿ ಉಳಿದವರೂ ಅರ್ಧ ದಿನ ಬಂದು ನಾಲ್ಕು ಇಟ್ಟಿಗೆ ಇಟ್ಟು, ನಲವತ್ತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಹತ್ತಕ್ಕೆ ಇಡ್ಲಿ, ಹನ್ನೊಂದಕ್ಕೆ ಭಾಷಣ, ಹನ್ನೆರಡಕ್ಕೆ "ಅಬ್ಬಾ ಬಿಸಿಲು!" ನೀವು ಗೋಡೆ ಕಟ್ಟುವ ಗೌಂಡಿ, ಸಿಮೆಂಟು ಕಲಸುವವರು ನಿಮ್ಮ ಹೆಂಡತಿ ಗಂಗಮ್ಮ ಚಿಗವ್ವ. ಆ ಬಯಲಿನಲ್ಲಿ ಕೆಲಸ ಬಲ್ಲವರು ನೀವಿಬ್ಬರೇ. ಅಧ್ಯಕ್ಷರ ಬಾಯಲ್ಲಿ ಮಾತ್ರ ನೀವು "ನಮ್ಮ ಹೆಲ್ಪರ್".

ಒಂದು ಸೋಮವಾರ ಬೆಳಿಗ್ಗೆ ಕನ್ನಡಕ ಮರೆತೆನೆಂದು ಹುಡುಕಿಕೊಂಡು ಬಂದಿದ್ದೆ. ನಾವು ಹಿಂದಿನ ದಿನ ಎಬ್ಬಿಸಿದ್ದ ಗೋಡೆಯನ್ನು ನೀವು ಒಂದೊಂದೇ ಇಟ್ಟಿಗೆಯಾಗಿ ಬಿಚ್ಚುತ್ತಿದ್ದಿರಿ. ಚಿಗವ್ವ ಹೊಸ ಸಿಮೆಂಟು ಕಲಸುತ್ತಿದ್ದರು. ನಾನು ಗಾಬರಿಯಿಂದ "ಯಾಕೆ ಕಾಕಾ?" ಎಂದೆ. ನೀವು ತಲೆ ಎತ್ತಲಿಲ್ಲ.

"ನಿಮ್ಮ ಗ್ವಾಡಿ ಭಾಳ ಚಂದ ಐತ್ರಿ ಟೀಚರಮ್ಮಾ. ಸೊಲ್ಪ ಕಂಪ್ಲಿ ಕಡೆ ಬಾಗಿ ನೋಡ್ತೈತಿ, ಅಷ್ಟ."

ಚಿಗವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಪ್ರತಿ ವಾರ ಹಿಂಗ ಬಿಚ್ಚತೀರಾ?" ಎಂದು ನಾನು ಕೇಳಿದರೆ, "ಅವರ ಖುಷಿ ಅವರಿಗಿರ್ಲಿ ಬಿಡ್ರಿ. ಇದರ ಬುಡಕ್ಕ ನಾಳೆ ಮಕ್ಕಳು ಮಲಗ್ತಾವು" ಎಂದಿರಿ.

ನಾನು ಏನು ಮಾಡಿದೆ? ಕನ್ನಡಕ ಹಾಕಿಕೊಂಡು ಮನೆಗೆ ಹೋದೆ. ಮುಂದಿನ ಭಾನುವಾರ ಮತ್ತೆ ಬಂದು, ನೀವು ಕೆಡವಲೆಂದೇ ಇನ್ನಷ್ಟು ಇಟ್ಟಿಗೆ ಇಟ್ಟೆ. ಐದು ಮನೆ ಏಳುವವರೆಗೂ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಆ ಬಳಗದಲ್ಲಿ ಉಳಿದವರೆಲ್ಲ ತಿಳಿಗೇಡಿಗಳು, ಕಾಕಾ. ನಾನು ಅವರಿಗಿಂತ ಕೆಳಗಿನವಳು. ಸಂಜೆ ಮೈಕೈ ನೋಯಿಸಿಕೊಂಡು, ಪುಸ್ತಕ ಹಿಡಿದು, ದುಡಿಮೆಯ ಘನತೆಯ ಮೇಲೆ ಯಾರೋ ಬರೆದದ್ದನ್ನು ಓದಿ ಕಣ್ಣು ತುಂಬಿಕೊಳ್ಳುತ್ತಿದ್ದೆ. ಥೂ!

ನೀವು ಎರಡು ದಿನದ ಜ್ವರದಲ್ಲಿ ಹೋಗಿಬಿಟ್ಟ ವಾರ ಸಂತಾಪ ಸಭೆ ನಡೆಯಿತು. ಅಧ್ಯಕ್ಷರು ನಿಮ್ಮನ್ನು "ವೀರಭದ್ರಪ್ಪ" ಎಂದರು. ಯಾರೂ ತಿದ್ದಲಿಲ್ಲ. ಎರಡು ನಿಮಿಷದ ಮೌನ ಒಂದು ನಿಮಿಷಕ್ಕೇ ಮುಗಿಯಿತು, ಇಡ್ಲಿ ಆರುತ್ತಿತ್ತು. ಆಮೇಲೆ ಆರನೇ ಮನೆಯಲ್ಲಿ ನೀವು ಮುಗಿಸದೆ ಉಳಿದಿದ್ದ ಒಂದೇ ಗೋಡೆ, ಹಿಂದಿನದು, ನಾಲ್ಕು ಭಾನುವಾರ ಏರಿತು. ಸೋಮವಾರ ಬರುವವರು ಇರಲಿಲ್ಲ, ಚಿಗವ್ವನೂ ಮನೆ ಹಿಡಿದಿದ್ದರು.

ಆ ಮನೆ ಹುಲಿಗೆಮ್ಮನದು. ಕಂಪ್ಲಿಯ ರೈಸ್‌ಮಿಲ್ಲಿನ ಅಂಗಳದಲ್ಲಿ ಭತ್ತ ಒಣಗಿಸುತ್ತಿದ್ದವಳು, ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದು ಬಯಲಿನ ಅಂಚಿನಲ್ಲಿ ತಾಡಪಾಲಿನ ಗುಡಿಸಲು ಕಟ್ಟಿಕೊಂಡಿದ್ದಳಲ್ಲ, ಅವಳೇ. ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದಳು. "ಟೀಚರಮ್ಮಾ, ಹಿಂದಿನ ಗ್ವಾಡಿ ನಿಂತಿಲ್ರಿ, ಬೀಳೋಕ ಜಾಗ ನೋಡಕತ್ತೈತಿ." ಚಿಗವ್ವನ ಹತ್ತಿರ, ಗೋಡೆ ನೆಟ್ಟಗಿದೆಯೇ ಎಂದು ನೋಡುವ ನಿಮ್ಮ ತೂಗುಗುಂಡು ಇಸಿದುಕೊಂಡು ಮೇಲಿನಿಂದ ಇಳಿಬಿಟ್ಟೆ. ತಳದಲ್ಲಿ ಗುಂಡಿಗೂ ಗೋಡೆಗೂ ನಡುವೆ ನನ್ನ ನಾಲ್ಕು ಬೆರಳು ಹೋದವು.

ಅಧ್ಯಕ್ಷರಿಗೆ ಹೇಳಿದೆ. "ಪ್ಲಾಸ್ಟರ್ ಆದ್ಮೇಲೆ ಕಾಣ್ಸಲ್ಲ ಬಿಡಿ ಮೇಡಂ" ಎಂದರು. ಸಂಡೂರಿನಿಂದ ಮುಖ್ಯ ಅತಿಥಿ ಬರುವ ದಿನ ಗೊತ್ತಾಗಿತ್ತಂತೆ, ಅಷ್ಟರೊಳಗೆ ಚಾವಣಿ ಹಾಕಿ ಮುಗಿಯಬೇಕಂತೆ. ಪಕ್ಕದಲ್ಲಿದ್ದ ಡಾಕ್ಟರು "ಭಾವನೆ ಮುಖ್ಯ" ಎಂದರು. ಭಾವನೆ ಚಾವಣಿ ಹೊರುತ್ತದೆಯೇ, ಕಾಕಾ? ಇದೇ ಡಾಕ್ಟರು ತಮ್ಮ ಮನೆಯ ಕಾಂಪೌಂಡು ಕಟ್ಟಿಸುವಾಗ ಭಾವನೆ ಇರುವವರನ್ನು ಕರೆದಿದ್ದರೇ?

"ಬ್ಯಾಡ ಅಂದುಬಿಡು, ನಾನಿದ್ದೇನೆ" ಎಂದು ಹುಲಿಗೆಮ್ಮನಿಗೆ ಹೇಳಿದೆ. ಅವಳು ಒಪ್ಪಲಿಲ್ಲ. "ಬ್ಯಾಡ ಅಂದ್ರ ಹೆಸರು ತಗದು ಬ್ಯಾರೆಯವರಿಗೆ ಕೊಡ್ತಾರ್ರಿ. ಬೀಳೋ ಮನಿಯಾದ್ರೂ ಇರ್ಲಿ, ಹುಡುಗ್ಯಾರನ್ನ ಮುಂದಿನ ಗ್ವಾಡಿ ಕಡೆ ಮಲಗಿಸ್ತೀನಿ."

ಅವತ್ತು ಸಂಜೆ ಚಿಗವ್ವನ ಮುಂದೆ ಹೋಗಿ ಕೂತೆ. ಬೇರೆ ಗೌಂಡಿ ಯಾರಾದರೂ ಸಿಗುತ್ತಾರೆಯೇ ಎಂದು ಕೇಳಲು ಹೋದವಳು. ಅವರು ನಿಮ್ಮ ಚೀಲ ಇಳಿಸಿ ಕರಣೆ ತೆಗೆದರು. ಹೆಣ್ಣಾಳು ಸಿಮೆಂಟಿನ ಪುಟ್ಟಿ ಹೊರಬೇಕು, ಕರಣೆ ಗಂಡಸರದು. ಇದು ನಿಮ್ಮವರ ಕಟ್ಟಳೆ. ನೀವೂ ಅದನ್ನು ಮೀರಲಿಲ್ಲ. ಅದಕ್ಕಾಗಿ ನಿಮ್ಮ ಮೇಲೂ ನನಗೆ ಸ್ವಲ್ಪ… ಇರಲಿ. "ಮೂವತ್ತು ವರ್ಷ ಆತನ ಕೈ ನೋಡೀನಿ. ಕಣ್ಣು ಮುಚ್ಚಿ ನೋಡಿಲ್ಲ" ಎಂದರು ಚಿಗವ್ವ.

ಸೋಮವಾರ ನಾನು ಶಾಲೆಗೆ ವಾರ ಪೂರ್ತಿ ರಜೆ ಹಾಕಿದೆ. ಹುಲಿಗೆಮ್ಮ, ಚಿಗವ್ವ, ನಾನು ಸೇರಿ ಗೋಡೆ ಬಿಚ್ಚಿದೆವು. ಸುತ್ತಿಗೆಯೇ ಬೇಕಾಗಲಿಲ್ಲ. ನಮ್ಮ ಬಳಗ ಕಲಸಿದ್ದರಲ್ಲಿ ಬರೀ ಮರಳು. ಎಳೆದರೆ ಇಟ್ಟಿಗೆ ಕೈಗೇ ಬಂತು. ಚಿಗವ್ವ ದಾರ ಕಟ್ಟಿ ಮೊದಲ ಸಾಲು ಇಟ್ಟರು. ನಾನು ಪುಟ್ಟಿ ಹೊತ್ತೆ. ಮೊದಲ ದಿನ "ತುಂಬಿ ತರ್ರಿ ಟೀಚರಮ್ಮ" ಎಂದವರು ಮೂರನೇ ದಿನಕ್ಕೆ "ಲೇ, ಅದೇನು ಪ್ರಸಾದ ಹಂಚಾಕ ಬಂದೀಯೇನು? ಜಲ್ದಿ ತಾ!" ಎನ್ನತೊಡಗಿದರು. ಅಷ್ಟು ಹಿತವಾದ ಬೈಗುಳ ನನಗೆ ಯಾರೂ ಬೈದಿರಲಿಲ್ಲ. ಶನಿವಾರ ಸಂಜೆ ಗುಂಡು ಇಳಿಬಿಟ್ಟರೆ ಗೋಡೆಗೂ ಅದಕ್ಕೂ ನಡುವೆ ಕೂದಲು ಹೋಗುವಷ್ಟೂ ಸಂದು ಇರಲಿಲ್ಲ.

ಭಾನುವಾರ ಬಂದ ಬಳಗದಲ್ಲಿ ಒಬ್ಬರಿಗೂ ಅದು ಬೇರೆ ಗೋಡೆ ಎಂದು ತಿಳಿಯಲಿಲ್ಲ, ಕಾಕಾ. ಒಬ್ಬರಿಗೂ! ಅಧ್ಯಕ್ಷರು ಅದನ್ನು ತಟ್ಟಿ ನೋಡಿ, "ಸುಮ್ನೆ ಹೆದರಿಸಿದ್ರಲ್ಲ ಮೇಡಂ" ಎಂದು ನಕ್ಕರು.

ಚಾವಣಿ ಹಾಕಿದ್ದಾಯಿತು. ಸಮಾರಂಭವೂ ಆಯಿತು. ಕೀಲಿ ಹುಲಿಗೆಮ್ಮನ ಸೊಂಟಕ್ಕೆ ಸೇರುವವರೆಗೆ ಕಾದು, ಆಮೇಲೆ ನಾನು ಮೈಕು ಹಿಡಿದೆ. ನಾವು ಇಷ್ಟು ವರ್ಷದಲ್ಲಿ ಒಂದು ಗೋಡೆಯನ್ನೂ ಕಟ್ಟಿಲ್ಲ. ನಾವು ಕಟ್ಟಿದ್ದನ್ನೆಲ್ಲ ಈರಣ್ಣ ಎಂಬ ಗೌಂಡಿ ಕೆಡವಿ ಕಟ್ಟಿದರು. ಈ ಗೋಡೆ ಅವರ ಹೆಂಡತಿ ಗಂಗಮ್ಮನದು ಎಂದೆ. ಏನಾಯಿತು ಗೊತ್ತೇ? ಚಪ್ಪಾಳೆ ಹೊಡೆದರು. ಎಂಥ ವಿನಯ ಎಂದು ಮುಖ್ಯ ಅತಿಥಿ ನನಗೆ ಶಾಲು ಹೊದಿಸಿದರು. ಇಂಥವರನ್ನು ನಾಚಿಸಲಿಕ್ಕೆ ಯಾವ ಭಾಷೆಯಲ್ಲಿ ಮಾತಾಡಬೇಕು?

ಕಾರುಗಳು ಹೋದ ಮೇಲೆ ಹುಲಿಗೆಮ್ಮ ಚಿಗವ್ವನನ್ನೂ ನನ್ನನ್ನೂ ಒಳಗೆ ಕೂರಿಸಿ ಚಹಾ ಕೊಟ್ಟಳು. ಆಗ ಎರಡನೇ ಮನೆಯ ಹೊನ್ನೂರಬೀ ಬಾಗಿಲಿಗೆ ಬಂದು ನಿಂತಳು. ನನ್ನ ಶಾಲಿನತ್ತ ಕಣ್ಣು ಹಾಯಿಸಿ, "ನಮಗೇನು ಗೊತ್ತಿಲ್ಲ ಅಂತ ತಿಳ್ಕೊಂಡಿದ್ರೇನ್ರಿ? ಭಾನುವಾರ ನಿಮಗ ಚಪ್ಪಾಳೆ ಹೊಡಿತಿದ್ವಿ, ಸೋಮವಾರ ಈರಣ್ಣನ ಗ್ವಾಡಿಗೆ ನೀರು ಹೊಡಿತಿದ್ವಿ" ಎಂದಳು. ಆಮೇಲೆ ಚಿಗವ್ವನ ಕಡೆ ತಿರುಗಿದಳು.

"ಗಂಗಕ್ಕಾ, ನಮ್ಮ ಹಿತ್ತಲಿಗೆ ಒಂದು ಬಚ್ಚಲ ಕಟ್ಟಬೇಕು, ಕರಣಿ ತಗೊಂಡು ಬಾ. ಈ ಟೀಚರಮ್ಮನ್ನೂ ಕರಕೊಂಡು ಬಾ, ಪುಟ್ಟಿ ಹೊರ್ಲಿ. ಇಟ್ಟಿಗಿ ಮಾತ್ರ ಮುಟ್ಟಸಬ್ಯಾಡ."