ಅತ್ಯಾರು ತಿಂದ ಪದರಿನ ಕೇಕು

ಅತ್ಯಾರ,

ನಾ ನಿಮ್ಮ ಸೊಸಿ ಸುನಂದಾ. ನೀವು ಹೋಗಿ ಎರಡ ವರ್ಷ ಆತು. ಇದ್ದಾಗ ನಾವಿಬ್ಬರೂ ಕುಂತು ಮಾತಾಡಿದ್ದಕ್ಕಿಂತ ಜಗಳಾಡಿದ್ದ ಹೆಚ್ಚು. ಇವತ್ತೂ ಜಗಳಕ್ಕ ಬಂದೀನಿ ಅಂತ ತಿಳಕೊಳ್ರಿ. ಮಧ್ಯಾಹ್ನದ ಬಸ್ಸಿಗೆ ಚಿಕ್ಕೋಡಿಯಿಂದ ಬಂದು, ಕಾಲಿಗೆ ನೀರು ಸೈತ ಹಾಕ್ಕೊಳ್ಳದ, ಹುಡುಗರ ನೋಟಬುಕ್ಕಿನ ಹಾಳಿ ಹರಕೊಂಡು ಕುಂತೀನಿ. ಅಲ್ಲಿ ರೂತ್ ಬಾಯಾರು ಸಿಕ್ಕಿದ್ರು. ನಮ್ಮ ಹಾರೂಗೇರಿ ಮನಿ ಎದುರಿನ ಖೋಲ್ಯಾಗ ಬಾಡಿಗಿ ಇದ್ರಲ್ಲ, ಹೆಣಮಕ್ಕಳ ಸಾಲಿಗೆ ಕಲಸ್ತಿದ್ರಲ್ಲ, ಅವರ. ಅವರು ಒಂದ ಮಾತು ಹೇಳಿದ್ರು. ಅದನ್ನ ಹೇಳೂಕಿಂತ ಮೊದಲ ನನ್ನದೊಂದು ತಪ್ಪು ಐತಿ. ನೀವು ಇರೂತನಕ ನಿಮ್ಮ ಮುಂದ ನುಂಗಿಕೋತ ಬಂದದ್ದು.

ಕಾಗವಾಡದಾಗ ನಿಮ್ಮ ತಮ್ಮನ ಮಗಳ ಲಗ್ನಾ ನೆನಪೈತೇನ್ರಿ? ನಾ ಸೊಸಿ ಆಗಿ ಬಂದು ಮೂರನೇ ವರ್ಷ. ರಾಯಬಾಗದಿಂದ ಆ ಕಡಿ ಕಾಗವಾಡತನಕ ಯಾರ ಮನ್ಯಾಗ ಲಗ್ನ ಇದ್ರೂ ಮಂಡಿಗಿ ಮಾಡಾಕ ನೀವ ಬೇಕಾಗಿತ್ತು. ಕಣಕದ ಉಂಡಿ ಎರಡೂ ಮುಂಗೈ ಮ್ಯಾಲ ಹಾಕ್ಕೊಂಡು ತಿರುವಿ ತಿರುವಿ, ಆಚಿ ಕಡಿ ಕುಂತಾವರ ಮಾರಿ ಕಾಣೂವಷ್ಟು ತೆಳ್ಳಗ ಮಾಡಿ, ಬೋರಲ ಹಾಕಿದ ಹಂಚಿನ ಮ್ಯಾಲ ಹಾಸ್ತಿದ್ರಿ. ನನಗೂ ಒಂದ ಉಂಡಿ ಕೊಟ್ರಿ. ಹರೀತು. ಇನ್ನೊಂದ ಕೊಟ್ರಿ. ಅದೂ ಹರೀತು. ಇಪ್ಪತ್ತ ಮಂದಿ ಹೆಣಮಕ್ಕಳ ಮುಂದ ನೀವು ನನ್ನ ತವರೂರ ಹೆಸರು ಎತ್ತಿ, "ನಮ್ಮ ಅಕ್ಕೋಳದಾಕಿ ಕೈಯಾಗ ಮಂಡಿಗಿ ಆಗೂದಿಲ್ಲ ಬಿಡ್ರಿ, ಆಕೀಗಿ ರೊಟ್ಟಿ ಬಡ್ಯಾಕ ಹಚ್ರಿ" ಅಂದ್ರಿ. ಎಲ್ಲಾರೂ ನಕ್ರು. ನಿಮಗದು ಚಾಷ್ಟಿ ಮಾತು. ನನಗಲ್ಲ. ಪದರ ಪದರ ಇರೂ ಸಿಹಿ ಒಂದ ನನ್ನ ಕೈಲೆ ಮಾಡಿ, ನಿಮಗ ತಿನ್ನಿಸಿ, ಚಲೋ ಆಗೈತಿ ಅಂತ ನಿಮ್ಮ ಬಾಯಿಲೇ ಅನ್ನಿಸದಿದ್ರ ನಾ ನಮ್ಮಪ್ಪನ ಮಗಳ ಅಲ್ಲ ಅಂತ ಆವತ್ತ ಠರಾಯಿಸಿದೆ.

ಆ ವರ್ಷ ಏಸುಸ್ವಾಮಿ ಹಬ್ಬದ ನಾತಾಳ ಸೂಟಿ ಸುರು ಆದ ದಿನ ರೂತ್ ಬಾಯಾರ ಖೋಲಿ ಕಡಿಂದ ಯಾಲಕ್ಕಿ ವಾಸನಿ ಬಂತು. ಹೋಗಿ ನೋಡಿದ್ರ, ಹಾಲು-ಮೈದಾ ಕಲಸಿ, ತವಾದ ಮ್ಯಾಲ ಕಾಗದದಂಥ ದ್ವಾಸಿ ಹಾಕಾಕತ್ತಿದ್ರು. "ನಮ್ಮವ್ವ ಹಬ್ಬಕ್ಕ ಮಾಡ್ತಿದ್ಲುರಿ. ಭಟ್ಟಿ ಇಲ್ಲದ ಊರಾಗ ಇದ ನಮ್ಮ ಕೇಕು," ಅಂದ್ರು. ಒಂದ ದ್ವಾಸಿ, ಮ್ಯಾಲ ಖವಾ ಮತ್ತ ಸಕ್ರಿ, ಮತ್ತೊಂದ ದ್ವಾಸಿ, ಮತ್ತ ಖವಾ. ಹಂಗ ಹದಿನೈದಿಪ್ಪತ್ತು ಪದರು. ವಜ್ಜಾ ಹೇರಿ ಬಿಗಿಯಾಗಾಕ ಬಿಟ್ಟು, ಬರ್ಫಿಗತೆ ಕೊಯ್ಯೂದು. ಅಯ್ಯ ಯವ್ವಾ! ನನಗ ಎದುರಿನ ಖೋಲ್ಯಾಗ ದೇವರ ಬಂದು ನಿಂತಂಗಾತು. ಇದನ್ನ ಕಲಸ್ರಿ ಅಂತ ಬೆನ್ನ ಹತ್ತಿದೆ. ಬಾಯಾರು ಸಣ್ಣ ದನಿಲೆ, "ಇದರಾಗ ತತ್ತಿ ಇರ್ತಾವ್ರಿ ಸುನಂದಾ" ಅಂದ್ರು.

ತತ್ತಿ! ದಿನಾ ಮುಂಜಾನೆ ಬಸದಿಗೆ ಹೋಗಿ ಬಂದಹೊರತು ನೀವು ನೀರು ಮುಟ್ತಿರಲಿಲ್ಲ. ಹೊತ್ತು ಮುಳುಗಿದಮ್ಯಾಲ ಒಂದ ಅಗಳೂ ಬಾಯಿಗೆ ಹಾಕ್ತಿರಲಿಲ್ಲ. ನಮ್ಮ ಒಲಿ ಮುಂದ ಆ ಶಬ್ದಾನೂ ಆಡೂಹಂಗಿರಲಿಲ್ಲ. ಬಾಯಾರು ನಮ್ಮ ಅಡಗಿಮನಿ ಹೊಸ್ತಿಲಾ ದಾಟೂಹಂಗಿರಲಿಲ್ಲ, ಅವರು ಬಾಜೂಕ ಕುಂತು ತೋರಿಸದ ನನಗ ಬರೂಹಂಗಿರಲಿಲ್ಲ. ಅದಕ್ಕ ನಾ ಒಂದ ಯುಕ್ತಿ ತಗದೆ. ಹಬ್ಬದ ದಿನ ಮಧ್ಯಾಹ್ನ ನೀವು ಮಲಗಿದಾಗ ನಮ್ಮ ಸ್ಟೋವು, ನಮ್ಮ ತವಾ, ನಮ್ಮ ಸೌಟು ಬುಟ್ಟ್ಯಾಗ ಹಾಕ್ಕೊಂಡು, ಮ್ಯಾಲ ಮೆಂತ್ಯಾ ಸೊಪ್ಪು ಮುಚ್ಚಿಕೊಂಡು, ಓಣಿ ದಾಟಿದೆ. ಅವರ ಖೋಲ್ಯಾಗ ಈ ಮೂಲಿಗೆ ಅವರ ಸ್ಟೋವು, ಆ ಮೂಲಿಗೆ ನಂದು. ಅವರದಕ್ಕ ತತ್ತಿ, ನನ್ನದಕ್ಕ ಬರೇ ಮಸರು. ನಮ್ಮ ಮನಿ ತಾಟು ಆ ಖೋಲ್ಯಾಗ ಇಡಾಕ ನನಗ ಮನಸ ಬರಲಿಲ್ಲ. ಕಾಗವಾಡದ ಲಗ್ನದಾಗ ಉಳದು ನಾವು ತಂದಿದ್ದ ಪತ್ರಾವಳಿ ಇದ್ವಲ್ಲ, ಅವನ್ನ ಒಯ್ದಿದ್ದೆ. ಉಂಡು ಒಗದ್ರಾತು, ಮೈಲಿಗಿ ಮಾತ ಬರೂದಿಲ್ಲ ಅಂತ. ಬಾಯಾರಿಗೂ ಎರಡ ಕೊಟ್ಟೆ. ಎಷ್ಟ ಶಾಣ್ಯಾಕಿ ನೋಡ್ರಿ ನಾ!

ನನ್ನ ದ್ವಾಸಿ ಹರಿಯಾಕ ಸುರು ಆದಾಗ ಮೂರು ಗಂಟಿ ಆಗಿರಬೇಕು. ತತ್ತಿ ಇಲ್ಲದ ಹಿಟ್ಟಿಗೆ ಹಿಡಿತ ಇರಲಿಲ್ಲ. ಹದಿನಾಕರಾಗ ಐದು ಹರದ್ವು. ಬಾಯಾರು "ಇನ್ನೊಂದೀಟು ಮೈದಾ ಹಾಕ್ರಿ, ಉರಿ ಸಣ್ಣ ಮಾಡ್ರಿ" ಅಂತ ಹೇಳೇ ಹೇಳಿದ್ರು. ನನಗ ಹೊತ್ತಿನ ಮ್ಯಾಲ ಕಣ್ಣು. ಡಿಸೆಂಬರಿನ ಹೊತ್ತು ಎಷ್ಟರದು? ಆರಕ್ಕ ನಿಮ್ಮ ಊಟಾ ಮುಗೀಬೇಕು. ಹರದವನ್ನ ನಡುವ ಹಾಕಿ, ಚಲೋವನ್ನ ಕೆಳಗ ಮ್ಯಾಲ ಇಟ್ಟು ಮುಚ್ಚಿದೆ. ಎರಡೂ ಕೇಕಿನ ಮ್ಯಾಲ ಬೀಸಿದ ಸಕ್ರಿ ಉದರಿಸಿ, ಒಂದೊಂದ ಪತ್ರಾವಳಿ ಮುಚ್ಚಿ, ಸಾಲಿ ಪುಸ್ತಕ ಹೇರಿದ್ವಿ. ಕಿಡಕಿ ಕಡಿದು ನಂದು, ಬಾಗಲಾ ಕಡಿದು ಅವರದು. ಮನಿಗೆ ಬಂದು ನಿಮಗ ಅನ್ನಕ್ಕ ಇಟ್ಟೆ.

ನೀವು ಪಡಸಾಲ್ಯಾಗ ಕುಂತು, "ಸುನಂದಾ, ಹೊತ್ತು ಮುಳಗಾಕತ್ತೈತಿ, ಏನರ ಹಾಕಾಕಿ ಇದ್ದಿ ಅಂದ್ರ ಲಗೂ ಹಾಕವ್ವಾ" ಅಂದಾಗ ನಾ ಓಡಿದೆ. ಬಾಯಾರು ಖೋಲ್ಯಾಗ ಇರಲಿಲ್ಲ. ಅವರ ಅಕ್ಕನ ಮಕ್ಕಳು ಬಸ್ಸಿಗೆ ಬರಾವರು, ಕರಿಯಾಕ ಹೋಗಿದ್ರು. ಬಾಗಲಾ ಬರೇ ಮುಂದ ಮಾಡಿದ್ರು. ನೆಲದ ಮ್ಯಾಲ ಇರಿವಿ ಹತ್ತಿದ್ವಂತ, ಎರಡನ್ನೂ ಎತ್ತಿ ಮಂಚದ ಮ್ಯಾಲ ಇಟ್ಟು ಹೋಗ್ಯಾರ. ಎರಡೂ ಒಂದ ನಮೂನಿ. ಅದ ಪತ್ರಾವಳಿ, ಅದ ಸಕ್ರಿ, ಅದ ಎತ್ತರ. ಕಿಡಕಿ ಕಡಿ ಇದ್ದದ್ದನ್ನ ಎತ್ತಿಕೊಂಡೆ. ಎರಡ ಸಲ ನೋಡಲಿಲ್ಲ. ಯಾಕ ನೋಡಲಿಲ್ಲ ನಾ? ಹೊರಗ ಬಿಸಿಲು ಗ್ವಾಡಿ ಮ್ಯಾಲಿಂದ ಇಳಿಯಾಕತ್ತಿತ್ತು, ಅಷ್ಟ ಕಾಣತಿತ್ತು ನನಗ.

ನಿಮ್ಮ ತಾಟಿಗೆ ಒಂದ ತುಂಡು ಹಾಕಿ ಎದುರಿಗೆ ನಿಂತೆ. ನೀವು ತಿಂದ್ರಿ. ಇನ್ನೊಂದ ತುತ್ತು ತಿಂದ್ರಿ. ಆಮ್ಯಾಲ ಮಂಡಿಗಿ ಮಾಡಾವರ ಚಟಾ ಎಲ್ಲಿ ಬಿಡತೈತಿ, ಪದರು ಒಂದೊಂದ ಬಿಡಿಸಿ, ಬಾಗಲದ ಬೆಳಕಿಗೆ ಹಿಡದ್ರಿ. "ಏ ಹುಡಗಿ, ಒಂದೂ ಹರದಿಲ್ಲಲ್ಲ!" ಅಂದ್ರಿ.

ಒಂದೂ ಹರದಿಲ್ಲ. ನನ್ನವು ಐದು ಹರದಿದ್ವು, ಅತ್ಯಾರ.

ನನ್ನ ಕೈ ತಾನ ಮುಂದ ಹೋತು, ತಾಟು ಕಸಗೊಳ್ಳಾಕ. ನೀವು ನಕ್ಕು, "ಯಾಕ, ಮುದುಕಿಗೆ ಕೊಡಾಕ ಮನಸಿಲ್ಲೇನು?" ಅಂದು ತಾಟು ಆ ಕಡಿ ಸರಿಸಿಕೊಂಡ್ರಿ. ಎರಡನೇ ತುಂಡು ನೀವ ತಗೊಂಡ್ರಿ. ನಾ ಬಾಯಿ ತೆರದೆ. ಉಗಳ್ರಿ ಅನ್ನಬೇಕಿತ್ತು. ಅಷ್ಟ್ರಾಗ ನೀವು ನನ್ನ ಮಾರಿ ನೋಡಿ, "ಇಷ್ಟ ತೆಳು ನನ್ನ ಕೈಲೂ ಆಗೂದಿಲ್ಲವಾ. ಶಾಣ್ಯಾಕಿ ನನ್ನ ಸೊಸಿ" ಅಂದ್ರಿ. ನಾ ಬಾಯಿ ಮುಚ್ಚಿದೆ. ಹೆದರಿಕಿಗಲ್ಲರಿ. ಹೆದರಿಕಿಗಾದ್ರ ಇವತ್ತ ಹೇಳಾಕ ಇಷ್ಟ ನಾಚಿಕಿ ಆಗ್ತಿರಲಿಲ್ಲ. ಆ ಮಾತು ಕೇಳಾಕ ಲಗ್ನಾಗಿ ಬಂದಾಗಿಂದ ಮೂರ ವರ್ಷ ಕಾದಿದ್ದೆ, ಅದನ್ನ ತಿರುಗಿ ಕೊಡಾಕ ನನಗ ಮನಸಾಗಲಿಲ್ಲ. ನೀವು ತಿನ್ನೂದು ನೋಡಕೋತ ನಿಂತೆ. ಕಡೀ ತುತ್ತು ನುಂಗಿ, ಬಾಯಿ ಮುಕ್ಕಳಿಸಿ, ಹೊತ್ತಿಗೆ ಕೈ ಮುಗದ್ರಿ.

ಉಳದ ಕೇಕು ಸೆರಗಿನಾಗ ಮುಚ್ಚಿಕೊಂಡು ನಾ ಮತ್ತ ಓಣಿ ದಾಟಿದಾಗ ಬಾಯಾರು ಮಕ್ಕಳನ್ನ ಕರಕೊಂಡು ಬಂದಿದ್ರು. ಮಂಚದ ಮ್ಯಾಲಿನ ಕೇಕಿನ ಪದರು ಎತ್ತಿ ನೋಡಿದ್ರ, ನನ್ನ ಹರಕ ದ್ವಾಸಿ; ಮಂಚದ ಮ್ಯಾಲ ಇಡೂವಾಗ ಅದಲ ಬದಲ ಆಗಿದ್ವು. ಬಾಯಾರು ಹಣಿ ಹಿಡಕೊಂಡು ಕುಂತಬಿಟ್ರು. "ಈಗಿಂದೀಗ ಹೋಗಿ ಹೇಳಿಬಿಡ್ರಿ" ಅಂದ್ರು. ನಾ ಅವರ ಕಾಲ ಹಿಡದೆ. ನಿಮ್ಮ ಏಸುಸ್ವಾಮಿ ಆಣಿ, ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಅಂತ ಅತ್ತೆ. ಆ ಮನಶ್ಯಾಳು ಒಪ್ಪಿದ್ರು.

ನಾಕ ದಿನಕ್ಕ ನೀವು ಮುನಿ ಮಹಾರಾಜ್ರ ದರ್ಶನಕ್ಕ ಹೋಗಿ ಬಂದ್ರಿ. ಚಾ ತಂದು ಕೊಟ್ರ, "ನನಗಿನ್ನ ಸಿಹಿ ಬ್ಯಾಡ, ನೇಮ ಹಿಡದೀನಿ. ಸಕ್ರಿ ಇಲ್ಲದ್ದು ಮಾಡಿ ಕೊಡು" ಅಂದ್ರಿ. ಗೊತ್ತಾತೇನು ಇವರಿಗೆ? ಆವತ್ತಿಂದ ನಿಮ್ಮ ಮಾರಿ ನೋಡೂದ ನನ್ನ ಕೆಲಸ ಆತು. ಆದ್ರ ನೀವು ಇದ್ದಂಗ ಇದ್ರಿ. ಸಾರಿಗೆ ಉಪ್ಪು ಹೆಚ್ಚಾದ್ರ ಬೈತಿದ್ರಿ, ನನ್ನ ಮಾತಿನಾಗ ಮರಾಠಿ ಬಂದ್ರ ನಗತಿದ್ರಿ. ಗೊತ್ತಿದ್ದಾವರು ಹಿಂಗ ಇರ್ತಾರೇನು? ಇಲ್ಲ, ಗೊತ್ತಿಲ್ಲ ಅಂತ ಒಂದ ದಿನ, ಗೊತ್ತೈತಿ ಅಂತ ಒಂದ ದಿನ... ಎಂಟ ವರ್ಷ ಹಂಗ ಕಳದೆ.

ಒಂದ ದೀಪಾವಳಿಗೆ ನಿಮ್ಮ ಮಗಳು ನಿಪ್ಪಾಣಿಯಿಂದ ಬಂದಾಗಿನ ಮಾತು ನೆನಸಿದ್ರ ನನ್ನ ನಾಲಿಗಿ ಸುಡಬೇಕು ಅನಸತೈತಿ. ಹೋಳಿಗಿ ನೀಡಾಕ ಬಂದೆ, ನೀವು ತಾಟಿಗೆ ಕೈ ಅಡ್ಡ ಹಿಡದ್ರಿ. ಇಷ್ಟ ವರ್ಷದ ಅಂಜಿಕಿ ಎಲ್ಲಾ ಸಿಟ್ಟಾಗಿ ಹೊರಗ ಬಂತು. "ನನ್ನ ಕೈಯಾಗ ಏನ ವಿಷ ಐತೇನ್ರಿ? ಮಂದಿ ಮುಂದ ನನ್ನ ಮಾನಾ ಕಳ್ಯಾಕ ಹಿಡದೀರೇನು ಈ ನೇಮ?" ಅಂತ ಚೀರಿದೆ. ತಪ್ಪು ಮಾಡಿದಾಕಿ ನಾ, ಚೀರಿದಾಕೀನೂ ನಾ! ನೀವು ತಲಿ ಎತ್ತಲಿಲ್ಲ. "ನಿನ್ನ ಕೈಯಾಗ ಏನೂ ಇಲ್ಲವಾ, ಮಕ್ಕಳಿಗೆ ನೀಡು" ಅಂದು ಒಣಾ ರೊಟ್ಟಿ ಮುರದ್ರಿ. ಕಡಿಗೆ ದವಾಖಾನ್ಯಾಗ ಮಲಗಿದಾಗ ಗ್ಲೂಕೋಸ್ ಪುಡಿ ಕಲಿಸಿದ ನೀರು ತುಟಿಗೆ ಹಿಡದ್ರೂ ಮಾರಿ ತಿರುವಿದ್ರಿ. "ಸಿಹಿ ಐತಿ, ಬ್ಯಾಡ" ಅಂದ್ರಿ. ಸಾಯೂ ಹೊತ್ತಿನ್ಯಾಗೂ ಹಟಾ ಬಿಡಲಿಲ್ಲ ನೋಡ ಮುದುಕಿ ಅಂತ ನಾ ಹೊರಗ ಬಂದು ಬೈದೀನಿ.

ಇವತ್ತ ಕಣ್ಣ ತೋರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಂದ್ರ, ಎಸ್‌ಟಿಡಿ ಬೂತಿನ ಮುಂದ ರೂತ್ ಬಾಯಾರು. ತಲಿ ಪೂರಾ ಬೆಳ್ಳಗ ಆಗೈತಿ. ಕ್ಯಾಂಟೀನಿಗೆ ಕರಕೊಂಡು ಹೋದ್ರು. ನೀವು ಹೋದ ಸುದ್ದಿ ಕೇಳಿ ಅತ್ರು. ಆಮ್ಯಾಲ, "ಇನ್ನ ಹೇಳಿದ್ರ ಆಣಿ ಮುರಿಯೂದಿಲ್ಲ ಅನಸತೈತಿ" ಅಂದ್ರು. ನನ್ನ ಆಣಿ ಅಂತ ತಿಳಕೊಂಡೆ. ಅಲ್ಲ. ನಿಮ್ಮದು!

ಕೇಕು ತಿಂದ ಮರುದಿನ ಮುಂಜಾನೆ ಬಸದಿಯಿಂದ ಬರಾಗ ನೀವು ಅವರ ಬಾಗಲದಾಗ ನಿಂತಿದ್ರೆಂತ. "ಬಾಯಾರ, ನಿನ್ನೆ ನಾ ತಿಂದ ಪದಾರ್ಥದಾಗ ತತ್ತಿ ಇತ್ತೇನ್ರಿ?" ಅಂತ ಕೇಳಿದ್ರೆಂತ. ಅವರಿಗೆ ನಿಮ್ಮ ಮುಂದ ಸುಳ್ಳು ಬರಲಿಲ್ಲ. ಹೆಂಗ ಗೊತ್ತಾತ್ರಿ ಅಂದಿದ್ದಕ್ಕ, "ನಿಮ್ಮ ಖೋಲಿಯಿಂದ ತಂದದ್ದು ಕಂಡಿದ್ದೆ, ತಾಟು ಕಸಗೊಳ್ಳಾಕ ಬಂದಾಗಿನ ಹುಡಗಿ ಮಾರೀನೂ ನೋಡಿದ್ನಲ್ಲ" ಅಂದಿದ್ರೆಂತ. "ಬೇಕಂತ ಮಾಡಿಲ್ಲ ಆಕಿ. ನನಗ ತಿಳದೈತಿ ಅಂತ ಆಕೀಗಿ ಹೇಳಬ್ಯಾಡ್ರಿ. ಹೇಳಿದ್ರ ನನ್ನ ಮನ್ಯಾಗ ಆಕಿ ತಲಿ ಎತ್ತಿ ಅಡ್ಡಾಡೂದಿಲ್ಲ. ಸಣ್ಣ ವಯಸ್ಸು" ಅಂತ ಆಣಿ ಹಾಕಿದ್ರೆಂತ. ಮಹಾರಾಜ್ರ ಕಡಿಂದ ಬರಾಗ ಮತ್ತ ನಿಂತು ಹೇಳಿದ್ರೆಂತ, ಹನ್ನೆರಡ ವರ್ಷ ಸಿಹಿ ಬಿಡೂ ಪ್ರಾಯಶ್ಚಿತ್ತ ತಗೊಂಡೀನಿ, ನನ್ನದು, ಸೊಸಿದು, ಇಬ್ಬರ ಪಾಲಿಂದೂ ಸೇರಿ ತಗೊಂಡೀನಿ ಅಂತ. "ನೀವಿಬ್ಬರೂ ಆಣಿ ಹಾಕಿ ನನ್ನ ಬಾಯಿ ಹೊಲದು ಕುಂದರಿಸಿದ್ರೆಲ್ರಿ" ಅಂತ ಬಾಯಾರು ನಗತಿದ್ರೋ ಅಳತಿದ್ರೋ, ನನಗ ಕಾಣಲಿಲ್ಲ.

ಇಬ್ಬರ ಪಾಲಿಂದೂ ಯಾಕ ಹೊತ್ತರಿ? ಯಾರ ಕೇಳಿದ್ರು ನಿಮ್ಮನ್ನ? ಒಂದ ಸಲ ಕರದು, ಕಪಾಳಕ್ಕ ಬಾರಿಸಿ, "ಗೊತ್ತೈತಿ ಹೋಗ" ಅಂದಿದ್ರ ನಾ ನಿಮ್ಮ ಕಾಲಾಗ ಬಿದ್ದು ಅತ್ತು ಹಗರ ಆಗ್ತಿದ್ದೆ. ನಾ ಚೀರಿದಾಗರ ಅನ್ನಬೇಕಿತ್ತು. ಯಾಕ ಅನ್ನಲಿಲ್ಲ? ಭಾಳ ಸಿಟ್ಟು ಬಂದೈತಿ ನಿಮ್ಮ ಮ್ಯಾಲ, ಅತ್ಯಾರ. ನಿಮ್ಮನ್ನ ಒಂದ ಸಲ ನೋಡಬೇಕು ಅನಸಾಕತ್ತೈತಿ.

ಎಂಟ ವರ್ಷ ನೀವು ಮುಗಿಸೀರಿ. ಉಳದ ನಾಕು ನನ್ನವು. ನಾಳೆ ಬಸದಿಗೆ ಹೋಗಿ ಹೇಳಿ ಬರ್ತೀನಿ, ಆದ್ರ ಸುರು ಇವತ್ತ ಮಾಡೀನಿ. ಕ್ಯಾಂಟೀನಿನ್ಯಾಗ ಬಾಯಾರು ನನಗ ತರಿಸಿದ ಚಾ ವಾಪಸ್ ಕಳಿಸಿ, ಸಕ್ರಿ ಇಲ್ಲದ್ದು ಹೇಳಿ ಕುಡದೆ. ಭಾಳ ಕಹಿ ಇತ್ರಿ. ನಿಮಗ ದಿನಾ ಎರಡ ಹೊತ್ತು ಅಂಥಾದನ್ನ ನಾನ ಮಾಡಿ ಕೊಡ್ತಿದ್ದೆ, ಒಂದ ದಿನಾನೂ ಮಾರಿ ಕಿವಚಲಿಲ್ಲಲ್ಲ ನೀವು.